ಭಾವನ ಹಳೇ ಬೆಂಜೂ ಸೈಕಲ್ ವಾಲ್ ಟ್ಯೂಬೂ

ನೀರಿನ ಪೈಪು ಸೋರಿದ್ರೆ ನೆಲ ಒದ್ದೆ ಆಗ್ತದೆ. ಗ್ಯಾಸ್ ಸೋರಿದ್ರೆ ವಾಸನೆ ಬತ್ತದೆ. ವ್ಯಾಕ್ಯೂಮ್ ಸೋರಿದ್ರೆ? ಅಲ್ಲಿಂದ ಹೊರಗೆ ಬರೋದು ಏನೂ ಇಲ್ಲ, ಹೊರಗಿನ ಗಾಳಿಯೇ ಒಳಕ್ಕೆ ನುಗ್ತದೆ. ಅದಕ್ಕೇ ಅದನ್ನ ಹಿಡಿಯೋದು ಕಷ್ಟ. ತೂತು ಒಂದು ಕಡೆ ಇದ್ರೆ ತೊಂದ್ರೆ ಕಾಣೋದು ಇನ್ನೊಂದು ಕಡೆ.

ನಮ್ಮ ಭಾವನ ಹತ್ರ ಒಂದು ಹಳೇ ಡೀಸೆಲ್ ಬೆಂಜ್ ಅದೆ. 1995ರಲ್ಲಿ ಬೆಂಜ್‌ನೋರು ಟೆಲ್ಕೋ ಜೊತೆ ಸೇರ್ಕೊಂಡು ಪುಣೆಯಲ್ಲಿ ಮೊದಲು ತಯಾರಿಸಿದ್ರಲ್ಲ, ಡಬ್ಲ್ಯೂ 124 ಅನ್ನೋ ಮಾದರಿ, ಅದೇ. ಸಕಲೇಶಪುರದ ಕಡೆ ಕಾಫಿ ತೋಟದೋರೊಬ್ಬರಿಂದ ಕೊಂಡದ್ದು. ನಮ್ಮಕ್ಕ ಅದನ್ನ ‘ನನ್ ಸವತಿ’ ಅಂತಲೇ ಕರೆಯೋದು.

ಹೋದ ಮಳೆಗಾಲ ಈ ಸವತಿಗೆ ಎರಡು ಕಾಯಿಲೆ ಕಾಣಿಸ್ಕೊಂಡ್ವು. ಡ್ಯಾಶ್‌ಬೋರ್ಡ್ ಮಧ್ಯದ ಕಿಂಡಿಯಲ್ಲಿ ಗಾಳಿ ನಿಂತೋಯ್ತು. ಯಾವ ಬಟನ್ ಒತ್ತಿದ್ರೂ ಹೆಚ್ಚಿನ ಗಾಳಿ ಮುಂದಿನ ಗಾಜಿಗೇ. ಎರಡನೇದು, ಕೀ ತಿರುಗಿಸಿದ್ರೂ ಇಂಜಿನ್ ತಕ್ಷಣ ನಿಲ್ತಿರ್ಲಿಲ್ಲ. ನಾಕೈದು ಸೆಕೆಂಡು ಗುರ್ ಅಂದು ಆಮೇಲೆ ಸುಮ್ನಾಗೋದು. ಒಬ್ರು ಏಸಿ ಹೋಗದೆ ಅಂದ್ರು. ಇನ್ನೊಬ್ರು ಡೀಸೆಲ್ ಪಂಪ್ ಬಿಚ್ಬೇಕು ಅಂದ್ರು. ಅಕ್ಕ ಗುಜರಿಗೆ ಹಾಕಿ ಅಂದ್ಲು. ಆದ್ರೆ ತಿಂಗಳಿಗೊಂದ್ಸಲ ಶಿರಾಡಿ ಘಾಟಿ ಇಳಿದು ಅಮ್ಮನ್ನ ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡೋಗೋದು ಇದೇ ಕಾರಿನಲ್ಲಿ.

ನಮ್ಮ ಪಕ್ಕದ್ಮನೆ ಮೇಷ್ಟ್ರು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಪಾಠ ಮಾಡಿ ರಿಟೈರ್ ಆದೋರು. ಎಲ್ಲಾ ಕೇಳಿ, “ಎರಡು ಕಾಯಿಲೆ ಅಲ್ಲ ಕಣಮ್ಮ, ಒಂದೇ” ಅಂದ್ರು.

ಅವರು ಹೇಳಿದ್ದು ಇಷ್ಟು. ಪೆಟ್ರೋಲ್ ಇಂಜಿನ್ ಗಾಳಿ ಎಳ್ಕೊಳ್ಳೋವಾಗ್ಲೇ ವ್ಯಾಕ್ಯೂಮ್ ಹುಟ್ತದೆ. ಡೀಸೆಲ್‌ನಲ್ಲಿ ಸಾಲುವಷ್ಟು ಹುಟ್ಟಲ್ಲ, ಅದಕ್ಕೆ ಬೇರೆ ಪಂಪ್ ಇಡ್ತಾರೆ. ಆ ಪಂಪಿನಿಂದ ಒಂದು ದಪ್ಪ ಪೈಪು ಬ್ರೇಕ್ ಬೂಸ್ಟರಿಗೆ ಹೋಗ್ತದೆ. ಸಣ್ಣ ಪೈಪುಗಳಲ್ಲಿ ಒಂದು ಇಂಜಿನ್ ನಿಲ್ಸೋ ಜಾಗಕ್ಕೆ, ಇನ್ನೊಂದು ಡ್ಯಾಶ್‌ಬೋರ್ಡ್ ಹಿಂದಕ್ಕೆ. ಅಲ್ಲಿ ರಬ್ಬರ್ ಪೊರೆ ಇರೋ ಪುಟ್ಟ ಡಬ್ಬಿಗಳವೆ. ವ್ಯಾಕ್ಯೂಮ್ ಪೊರೆಯನ್ನ ಎಳೆದ್ರೆ ಗಾಳಿಯ ಬಾಗಿಲು ತಿರುಗ್ತದೆ. ವ್ಯಾಕ್ಯೂಮ್ ಇಲ್ದಿದ್ರೆ ಬಾಗಿಲು ಸ್ಪ್ರಿಂಗಿನ ದಿಕ್ಕಿಗೆ ಬಿದ್ದು ಗಾಳಿ ಗಾಜಿಗೆ ಹೊಡೀತದೆ. ಕೆಟ್ಟು ಕೂತ್ರೂ ಡ್ರೈವರಿಗೆ ರಸ್ತೆಯಾದ್ರೂ ಕಾಣ್ಲಿ ಅಂತ.

“ಕಿಂಡಿ ಆಮೇಲೆ, ಮೊದ್ಲು ಬ್ರೇಕ್ ನೋಡಾನ” ಅಂದ್ರು. ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗೋವರೆಗೂ ನಾಕೈದು ಸಲ ಒತ್ತಿ, ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡ್ಬೇಕು. ಪೆಡಲ್ ಕಾಲಡಿ ಒಂಚೂರು ಇಳಿದ್ರೆ ಬೂಸ್ಟರ್ ಕೆಲ್ಸ ಮಾಡ್ತಾ ಅದೆ ಅಂತ. ಇಳೀಲಿಲ್ಲ ಅಂದ್ರೆ ಗಾಡಿ ಹೊರಗೆ ತೆಗೀಬಾರ್ದು. ನಮ್ದು ಇಳೀತು, ಆದ್ರೆ ನಿಧಾನಕ್ಕೆ. ಭಾವನ ಮುಖ ಸಣ್ಣಗಾಯ್ತು.

ಆಮೇಲೆ ಪಂಪಿನ ಬಾಯಿಗೇ ಮೀಟರ್ ಹಾಕಿದ್ರು. ಇಲ್ಲೊಂದು ವಿಷ್ಯ ಗೊತ್ತಿರ್ಬೇಕು. ನಮ್ಮ ಹಾಸನ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲದೆ. ಸಾವಿರ ಅಡಿಗೆ ಹೆಚ್ಚುಕಮ್ಮಿ ಒಂದು ಇಂಚು ಪಾದರಸದಷ್ಟು ಗಾಳಿ ಒತ್ತಡ ಕಮ್ಮಿ. ಮಂಗಳೂರಲ್ಲಿ ತೋರ್ಸೋ ಮುಳ್ಳು ಇಲ್ಲಿ ಮೂರು ಇಂಚು ಕೆಳಗೇ ನಿಲ್ತದೆ. ಅಷ್ಟಕ್ಕೇ ಪಂಪ್ ಸತ್ತೋಯ್ತು ಅಂತ ದುಡ್ಡು ಸುರೀಬಾರ್ದು. ಆ ಲೆಕ್ಕ ಹಿಡಿದ್ರೆ ನಮ್ಮ ಪಂಪ್ ಸರಿಯಾಗೇ ಇತ್ತು.

ಮುಂದಿನ ಕೆಲ್ಸಕ್ಕೆ ಬೇಕಾದದ್ದು ಸೈಕಲ್ ಶಾಪಿನ ವಾಲ್ ಟ್ಯೂಬೂ ಒಂದು ಮೊಳೆಯೂ. ಮೊಳೆಗೆ ಟ್ಯೂಬ್ ಏರಿಸಿ, ಡ್ಯಾಶ್‌ಬೋರ್ಡಿಗೆ ಹೋಗೋ ಸಣ್ಣ ಪೈಪು ಬಿಚ್ಚಿ, ಪಂಪಿನ ಕಡೆ ಬಾಯಿಗೆ ಬಿರಡೆ ಹಂಗೆ ತುರುಕಿದ್ರು. “ಈಗ ಆಫ್ ಮಾಡಿ.” ಭಾವ ಕೀ ತಿರುಗಿಸಿದ್ರು. ಇಂಜಿನ್ ಟಕ್ ಅಂತ ನಿಂತೋಯ್ತು! ಪೆಡಲೂ ಮೊದಲಿನಂಗೆ ಸರಕ್ ಅಂತ ಇಳೀತು. ಸೋರೋದು ಡ್ಯಾಶ್‌ಬೋರ್ಡಿನ ಕಡೆ ಅಂತ ಅಲ್ಲಿಗೇ ತೀರ್ಮಾನ ಆಯ್ತು. ಡೀಸೆಲ್ ಪಂಪ್ ಮುಟ್ಟೋ ಹಂಗೇ ಇರ್ಲಿಲ್ಲ.

ಗ್ಲೋವ್ ಬಾಕ್ಸ್ ಬಿಚ್ಚಿ, ನಾನು ಟಾರ್ಚ್ ಹಿಡ್ದೆ. ಮೇಷ್ಟ್ರು ಒಂದೊಂದೇ ಪೈಪಿಗೆ ಕೈಪಂಪ್ ಹಾಕಿ ಎಳೆದು ಮುಳ್ಳು ನೋಡೋರು. ನಿಂತ್ರೆ ಸರಿ, ಜಾರಿದ್ರೆ ಅಲ್ಲೇ ತೂತು. ಪೈಪುಗಳು ಕೂಡೋ ಕಡೆ ರಬ್ಬರ್ ಜಾಯಿಂಟು ಒಣಗಿ ಸೀಳಿತ್ತು. ಅದನ್ನ ಬದಲಾಯಿಸಿ ಎಲ್ಲಾ ಮುಗೀತು ಅಂತ ನಾನು ಟಾರ್ಚ್ ಆರಿಸಿದ್ರೆ, “ಒಂದು ಸಿಕ್ತು ಅಂತ ನಿಲ್ಲಿಸ್ಬಾರ್ದು ಕಣಮ್ಮ, ಹಳೇ ರಬ್ಬರೆಲ್ಲ ಒಂದೇ ವಯಸ್ಸಿಂದು” ಅಂದ್ರು. ನಿಜವೇ. ಒಳಗಿನ ಗಾಳಿಯನ್ನೇ ತಿರುಗಿಸೋ ಬಾಗಿಲಿನ ಡಬ್ಬಿಯ ಪೊರೆಯೂ ಹರಿದಿತ್ತು. ಆ ಬಟನ್ ಒತ್ತಿದಾಗ ಮಾತ್ರ ಅದು ಸೋರ್ತಿತ್ತು.

ಆ ಡಬ್ಬಿ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅದರ ಪೈಪಿಗೆ ವಾಲ್ ಟ್ಯೂಬು, ಮೊಳೆಯದೇ ಬಿರಡೆ. ಲಾರಿ ಹಿಂದೆ ಸಿಕ್ಕಂಡ್ರೆ ಹೊಗೆ ಒಳಕ್ಕೆ ಬತ್ತದೆ, ಅಷ್ಟೇ. ಬ್ರೇಕ್ ಸರಿಯಾಗದೆ, ಅಮ್ಮ ಹೋದ ತಿಂಗಳೂ ಮಂಗಳೂರಿಗೆ ಹೋಗ್ಬಂದ್ರು.

ನಿಮ್ಮನೇಲೂ ಹಳೇ ಡೀಸೆಲ್ ಜೀಪೋ ಕಾರೋ ಇದ್ರೆ ಒಂದ್ಸಲ ನೋಡ್ಕಳಿ. ಎಷ್ಟೋ ಗಾಡೀಲಿ ಈ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರ್ತದೆ. ಘಾಟಿ ಇಳಿಯೋಕೆ ಮುಂಚೆ, ಮನೆ ಅಂಗಳದಲ್ಲೇ ಆ ಪೆಡಲ್ ಒತ್ತಿ ನೋಡಿ. ಎರಡು ನಿಮಿಷದ ಕೆಲ್ಸ.