ಸಂಪು ಖಾಲಿ ಮಾಡುವ ಸುಖ

"ಎಷ್ಟು ಎಚ್.ಪಿ. ಬೇಕು ಸಾರ್?" ಮೋಟಾರ್ ಕೊಳ್ಳಲು ಹೋದವರಿಗೆಲ್ಲ ಮೊದಲು ಎದುರಾಗುವ ಪ್ರಶ್ನೆ ಇದು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲೂ ಅದೇ, ನಮ್ಮ ಮಾರತ್ತಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಅದೇ. ಉತ್ತರ ಸಿಗುವುದು ಮಾತ್ರ ಟೇಪು ಹಿಡಿದು ಮನೆಯ ಸುತ್ತ ಓಡಾಡಿದಾಗ. ಆ ಓಡಾಟವೆಂದರೆ ನನಗೆ ಪ್ರಾಣ. ಮುಂಗಾರಿಗೆ ಮುಂಚೆ ನೆಂಟರು, ಗೆಳೆಯರು ಯಾರು ಕರೆದರೂ ಹೊರಟುಬಿಡುತ್ತೇನೆ.

ಸಂಪಿಗೆ ಎಷ್ಟು ಮಳೆನೀರು ಬರುತ್ತದೆ ಎಂದು ತಿಳಿಯಲು ಮೊದಲು ತಾರಸಿಯ ಲೆಕ್ಕ. ನೂರು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಆವಿಯಾದದ್ದು, ಸಿಡಿದು ಹೋದದ್ದು, ಮೊದಲ ಮಳೆಯ ಕೊಳೆನೀರು ಎಲ್ಲ ಕಳೆದರೂ 75,000 ಲೀಟರಿಗೆ ಮೋಸವಿಲ್ಲ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಲ್ಲಿ ಕಟ್ಟಿಸಿದ 'ಸೌರಭ' ಮನೆಯಲ್ಲಿ ಜಲಮಂಡಳಿಯ ನಲ್ಲಿಯಿಲ್ಲದೆ ಮಳೆನೀರಿನಲ್ಲೇ ಸಂಸಾರ ಸಾಗಿಸಿ ತೋರಿಸಿದರು. ಅಂಥದ್ದರಲ್ಲಿ ತಾರಸಿಯ ಒಂದು ಕೈತೋಟ ಯಾವ ಲೆಕ್ಕ!

ಆದರೆ ಅಷ್ಟು ನೀರು ಒಮ್ಮೆಲೇ ಬರುವುದಿಲ್ಲ, ನಮ್ಮ ಸಂಪು ಅಷ್ಟು ದೊಡ್ಡದೂ ಅಲ್ಲ. ಆರು ಸಾವಿರ ಲೀಟರಿನ ಸಂಪು 75 ಮಿ.ಮೀ. ಮಳೆಗೆ ತುಂಬಿಬಿಡುತ್ತದೆ. ತುಂಬಿದ ಸಂಪಿನ ಮೇಲೆ ಸುರಿದ ಮಳೆ ಚರಂಡಿಯ ಪಾಲು. ಬೇಸಿಗೆಗೆ ಇರಲಿ ಎಂದು ಜೂನ್‌ನಿಂದಲೇ ಮುಚ್ಚಳ ಹಾಕಿಟ್ಟವರು ಇಡೀ ಮಳೆಗಾಲವನ್ನು ಕಳೆದುಕೊಳ್ಳುತ್ತಾರೆ. ತಾರಸಿಯ ಕುಂಡಗಳು ಮಳೆ ಬಿಡುವು ಕೊಟ್ಟ ಎರಡೇ ದಿನಕ್ಕೆ ಒಣಗುತ್ತವೆ. ಆಗ ಧಾರಾಳವಾಗಿ ನೀರು ಹಾಯಿಸಬೇಕು; ಮಿಕ್ಕದ್ದು ಇಂಗುಗುಂಡಿಗೆ. ಮುಂದಿನ ಮಳೆಗೆ ಜಾಗ ಮಾಡಿಕೊಡುವುದೇ ಮೋಟಾರಿನ ಮುಖ್ಯ ಕೆಲಸ.

ಸಂಪಿನ ನೀರು ತಾರಸಿಯ ಕುಂಡಗಳವರೆಗೆ ಏರಬೇಕು; ಹಾಗಾಗಿ ನನ್ನ ಆಯ್ಕೆ ಶುರುವಾಗುವುದು ಎತ್ತರದಿಂದ. ಸಂಪಿನ ತಳದಿಂದ ನೆಲಕ್ಕೆ ಎರಡೂವರೆ ಮೀಟರ್, ನೆಲದಿಂದ ಮೂರನೆಯ ತಾರಸಿಗೆ ಹತ್ತು. ಪೈಪಿನ ಉಜ್ಜಾಟ, ಬೆಂಡುಗಳಿಗೆಂದು ಇನ್ನೆರಡು ಮೂರು ಸೇರಿಸಿದರೆ ಹದಿನೈದು ಮೀಟರ್ ಹೆಡ್. ಮೋಟಾರಿಗೆ ಬಡಿದ ತಗಡಿನಲ್ಲಿ ಹೆಡ್ ಎಷ್ಟಿದ್ದರೆ ಎಷ್ಟು ನೀರು ಎಂದು ಬರೆದಿರುತ್ತದೆ. ಹೆಡ್ ಏರಿದಂತೆ ನೀರು ಇಳಿಯುತ್ತದೆ. ನಮ್ಮ ಹದಿನೈದು ಆ ವ್ಯಾಪ್ತಿಯ ನಡುವೆ ಬಂದರೆ ಅದೇ ನಮ್ಮ ಮೋಟಾರ್. ಸಾಮಾನ್ಯವಾಗಿ ಅರ್ಧ ಎಚ್.ಪಿ., ಅಂದರೆ 370 ವಾಟ್ ಸಾಕು. ಹಿಂದೆ ಎತ್ತುಗಳಿಂದ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ರೈತರು ಎತ್ತು ನಡೆಯುವ ಇಳಿಜಾರನ್ನು ಬಾವಿಯ ಆಳ ನೋಡಿಯೇ ಮಾಡುತ್ತಿದ್ದರು. ಎತ್ತಿನ ಬಲ ಎಷ್ಟೇ ಇರಲಿ, ಅಳತೆ ಬಾವಿಯದು.

ಆಮೇಲೆ ಜಾತಿ. ನೀರೊಳಗೆ ಮುಳುಗಿರುವ ಓಪನ್‌ವೆಲ್ ಮೋಟಾರಿಗೆ ಸದ್ದಿಲ್ಲ, ಮೊದಲೇ ನೀರು ತುಂಬಿಸುವ ಪ್ರೈಮಿಂಗ್ ಗೋಜಿಲ್ಲ. ಆದರೆ ಅದನ್ನು ತಣ್ಣಗಿಡುವುದು ಸುತ್ತಲಿನ ನೀರೇ. ಮತ್ತೆ ಮತ್ತೆ ತಳ ಕಾಣುವ ಸಂಪಿಗೆ ಅದು ಒಗ್ಗದು. ಮೇಲೆ ಕೂರುವ ಮಾನೋಬ್ಲಾಕ್ ನನಗೆ ಮೆಚ್ಚು. ಮೋಟಾರ್ ನೀರನ್ನು ಎಳೆಯುವುದಿಲ್ಲ, ನಿರ್ವಾತ ಮಾಡಿಕೊಡುತ್ತದೆ. ಮೇಲೆ ತಳ್ಳುವುದು ವಾತಾವರಣದ ಒತ್ತಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಆ ಒತ್ತಡ ಇಲ್ಲಿ ಕೊಂಚ ಕಡಿಮೆ. ನೀರು ಮೋಟಾರಿನಿಂದ ಆರು ಮೀಟರ್ ಆಳದೊಳಗೆ ಇದ್ದರೆ ನಿಶ್ಚಿಂತೆ. ನಮ್ಮ ಸಂಪುಗಳಿಗೆ ಬೇಕಾದ್ದು ಅದರ ಅರ್ಧವೂ ಇಲ್ಲ. ಹೀರುಪೈಪಿನ ತುದಿಯ ಫುಟ್‌ವಾಲ್ವನ್ನು ತಳದ ಹೂಳಿನಿಂದ ಒಂದು ಗೇಣು ಮೇಲೆ ನಿಲ್ಲಿಸಿ, ನೀರು ಅಲ್ಲಿಗೆ ಇಳಿಯುವ ಮುಂಚೆ ತಾನೇ ಆಫ್ ಆಗುವ ಫ್ಲೋಟ್ ಸ್ವಿಚ್ ಹಾಕಿಸಿದರೆ ಸೀಲ್ ಸುಡುವ ಭಯವಿಲ್ಲ.

ಹೊಸ ಮೋಟಾರಿಗೆ ಪ್ರೈಮಿಂಗ್ ಮಾಡುವ ಗಳಿಗೆ ನನಗೆ ಬಲು ಇಷ್ಟ. ಮೇಲಿನ ಬೋಲ್ಟ್ ಬಿಚ್ಚಿ ಚೊಂಬಿನಿಂದ ನೀರು ಹೊಯ್ಯುತ್ತ ಹೋದರೆ ಗುಳುಗುಳು ಎಂದು ಗಾಳಿಗುಳ್ಳೆಗಳು ಏಳುತ್ತವೆ. ನೀರು ಅಂಚಿಗೆ ಬಂದು ಕದಲದೆ ನಿಂತರೆ ಫುಟ್‌ವಾಲ್ವ್ ಗಟ್ಟಿಯಾಗಿದೆ ಎಂದರ್ಥ. ಬೋಲ್ಟ್ ಬಿಗಿದು ಸ್ವಿಚ್ ಒತ್ತಿದರೆ ಮೊದಲು ಒಣ ಗೊರಗೊರ, ಆಮೇಲೆ ದನಿ ದಪ್ಪವಾಗುತ್ತದೆ. ನೀರು ಹಿಡಿಯಿತು! ಸಾವಿರ ಲೀಟರ್ ತಾರಸಿ ಸೇರಲು ಕರೆಂಟು ಅರ್ಧ ಯೂನಿಟ್ಟೂ ಆಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಊರಿಡೀ ಟ್ಯಾಂಕರಿಗೆ ಕಾದಿದ್ದಾಗ, ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಗಿಡಗಳಿಗಂತೂ ಮಳೆನೀರೇ ಹಿತ. ಗಡಸು ಬೋರ್‌ವೆಲ್ ನೀರು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಡ್ರಿಪ್ಪಿನ ತೂತು ಮುಚ್ಚುತ್ತದೆ. ಮಳೆನೀರಿನಲ್ಲಿ ಆ ಕಾಟವಿಲ್ಲ. ಕರಿಬೇವು, ದುಂಡುಮಲ್ಲಿಗೆ, ಬಸಳೆ ಎಲ್ಲಕ್ಕೂ ಒಗ್ಗುತ್ತದೆ.

ಉಳಿತಾಯಕ್ಕೂ ಒಂದು ಕಾಲವಿದೆ. ಅಕ್ಟೋಬರ್ ಕಳೆದು, ಹಿಂಗಾರಿನ ಕೊನೆಯ ಮಳೆ ಸಂಪು ತುಂಬಿದ ಮೇಲೆ ನೀರನ್ನು ಡ್ರಿಪ್ಪಿನಲ್ಲಿ ಅಳೆದು ಬಿಡೋಣ. ಅಲ್ಲಿಯವರೆಗೆ ಮೋಡ ಕವಿದಾಗಲೆಲ್ಲ ಮುಚ್ಚಳ ತೆಗೆದು ನೋಡಿ. ಸಂಪು ತುಂಬಿದ್ದರೆ ತಡ ಮಾಡದೆ ಮೋಟಾರ್ ಹಾಕಿ.