ಅಕ್ಕರೆಗೂ ಅರಿವು ಬೇಕು

ಅಕ್ಕರೆಯಿಂದಲೇ ಒಂದು ಜೀವವನ್ನು ಕೊಲ್ಲಬಹುದೆಂದರೆ ನೀವು ನಂಬುವಿರಾ? ನಾನು ಎಂಟು ವರ್ಷದ ಬಾಲಕನಾಗಿದ್ದಾಗ ಕೋಲಾರ ಸೀಮೆಯ ನಮ್ಮ ಹಳ್ಳಿಯಲ್ಲಿ, ರಾಗಿ ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರ ಆಮೆಯೊಂದನ್ನು ಮನೆಗೆ ತಂದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರಗಳಂತೆ ಹರಡಿದ್ದವು. ಆಮೆಗೆ ನೀರೇ ಮನೆಯೆಂದು ತಿಳಿದು, ರಾತ್ರಿ ಅದನ್ನು ಹಿತ್ತಲಿನ ತುಂಬಿದ ತೊಟ್ಟಿಯಲ್ಲಿ ಬಿಟ್ಟೆ. ಬೆಳಿಗ್ಗೆ ಅದು ತೊಟ್ಟಿಯ ತಳದಲ್ಲಿತ್ತು. ಯಾರೂ ಏಳುವ ಮೊದಲೇ ಎತ್ತಿ, ಹುಣಿಸೆ ಮರದ ಬುಡದಲ್ಲಿ ಹೂತೆ. ಅಮ್ಮ ಕೇಳಿದಾಗ, "ಹೊಲಕ್ಕೆ ಹೊರಟುಹೋಯಿತು" ಎಂದೆ.

ಆ ಸುಳ್ಳು ನನ್ನನ್ನು ಬಿಡಲಿಲ್ಲ. ದೊಡ್ಡವನಾದ ಮೇಲೆ ಆಮೆಗಳ ಕುರಿತು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಂಗ್ಲೆಂಡಿನಲ್ಲಿ ಆಮೆ ಸಾಕುವುದು ಹಳೆಯ ಹವ್ಯಾಸ. ಸೆಲ್ಬೋರ್ನ್ ಗ್ರಾಮದ ಆಂಗ್ಲಿಕನ್ ಗುರು ಗಿಲ್ಬರ್ಟ್ ವೈಟ್, 1780ರಲ್ಲಿ ತಮ್ಮ ಸೋದರತ್ತೆ ತೀರಿಕೊಂಡಾಗ ಅವರ ಟಿಮೊಥಿ ಎಂಬ ಆಮೆಯನ್ನು ತಂದುಕೊಂಡರು. ಅದನ್ನು ತೂಗಿದರು. ಅದು ಎಂದು ಮಣ್ಣೊಳಗೆ ಅಡಗುತ್ತದೆ, ಎಂದು ಏಳುತ್ತದೆ, ಮಳೆಗೆ ಹೇಗೆ ಹೆದರುತ್ತದೆ ಎಂಬುದನ್ನು ಬರೆದಿಟ್ಟು ಪತ್ರಗಳ ಮೂಲಕ ಇತರರಿಗೂ ತಿಳಿಸಿದರು. 1789ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಟಿಮೊಥಿಯೂ ಇದೆ. ಇಷ್ಟಾದರೂ ಟಿಮೊಥಿ ಗಂಡಲ್ಲ, ಹೆಣ್ಣು ಎಂಬುದು ಲೋಕಕ್ಕೆ ತಿಳಿದದ್ದು ಅವರಿಬ್ಬರೂ ತೀರಿಕೊಂಡ ಮೇಲೆ!

ಇಪ್ಪತ್ತನೆಯ ಶತಮಾನದಲ್ಲಿ ಮೆಡಿಟರೇನಿಯನ್ ತೀರದ ಆಮೆಗಳು ಲಕ್ಷಗಟ್ಟಲೆಯಾಗಿ ಬ್ರಿಟನ್ನಿನ ಅಂಗಡಿಗಳಿಗೆ ಬಂದವು. ಅವುಗಳಲ್ಲಿ ಬಹಳಷ್ಟು ಮೊದಲ ಚಳಿಗಾಲವನ್ನೇ ದಾಟಲಿಲ್ಲ. 1984ರಲ್ಲಿ ಆ ವ್ಯಾಪಾರಕ್ಕೆ ತಡೆ ಬಿತ್ತು. ಉಳಿದವುಗಳ ಆಯುಸ್ಸು ಹೆಚ್ಚಲು ಪಶುವೈದ್ಯರೊಂದಿಗೆ ಸಾಕುವವರೂ ಕಾರಣರಾದರು. ಚಳಿಗಾಲದ ನಿದ್ರೆಗೆ ಮುನ್ನ ಆಮೆಯ ತೂಕವನ್ನೂ ಉದ್ದವನ್ನೂ ಅಳೆಯಿರಿ, ಸೊರಗಿದ್ದರೆ ಮಲಗಲು ಬಿಡಬೇಡಿ. ಹಾಲು, ಬ್ರೆಡ್ಡು ಬೇಡ, ಸೊಪ್ಪುಸದೆ ಕೊಡಿ. ಬಿಸಿಲೂ ಸುಣ್ಣದ ಅಂಶವೂ ಸಾಲದಾದರೆ ಚಿಪ್ಪು ಮೆತ್ತಗಾಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಈ ಪಾಠಗಳ ಹಿಂದೆ ಎಷ್ಟೋ ಮನೆಗಳ ಸತ್ತ ಆಮೆಗಳಿವೆ. "ನನ್ನದು ಹೀಗೆ ಸತ್ತಿತು, ನಿಮ್ಮದು ಸಾಯದಿರಲಿ" ಎಂದು ಬಾಯಿಬಿಟ್ಟು ಹೇಳಿದವರಿಂದ ಆ ಅರಿವು ಬೆಳೆಯಿತು.

ನಮ್ಮ ನಕ್ಷತ್ರ ಆಮೆಯ ವಿಷಯದಲ್ಲಿಯಾದರೋ ಕಲಿಯಬೇಕಾದ ಪಾಠ ಒಂದೇ: ಅದನ್ನು ಸಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೂ ಕಳ್ಳಸಾಗಣೆ ನಿಂತಿಲ್ಲ. 2018ರಲ್ಲಿ, ಸಿಂಗಪುರದಲ್ಲಿ ರಕ್ಷಿಸಲಾಗಿದ್ದ 51 ನಕ್ಷತ್ರ ಆಮೆಗಳು ಕರ್ನಾಟಕಕ್ಕೆ ಮರಳಿ ಬಂದವು. ಸಾಕುವವನ ಕೈಯ ಅಕ್ಕರೆಗಿಂತ ಬದುವಿನ ಹುಲ್ಲೇ ಅವುಗಳಿಗೆ ಹಿತ.

ಆದಿಕಾಂಡದಲ್ಲಿ ದೇವರು ಆದಾಮನಿಗೆ ತೋಟವನ್ನು ಒಪ್ಪಿಸಿದ್ದು ಕಾಯಲೆಂದು. ಕಾಯುವವನು ಮೊದಲು ಕೇಳಿ ತಿಳಿಯಬೇಕು; ತಪ್ಪಿದರೆ ಒಪ್ಪಿಕೊಳ್ಳಬೇಕು. ನಾನು ಪಾಪನಿವೇದನೆಗೆ ಎಷ್ಟೋ ಸಲ ಮೊಣಕಾಲೂರಿದ್ದೇನೆ. ಹುಣಿಸೆ ಮರದ ಬುಡದ ಸಂಗತಿಯನ್ನು ಮಾತ್ರ, ಸಣ್ಣದೆಂದು ಬಗೆದು, ಎಂದೂ ಎತ್ತಲಿಲ್ಲ. ಅಮ್ಮನಿಗೆ ನಿಜ ಹೇಳುವ ಕಾಲವೂ ಕಳೆದುಹೋಯಿತು. ಆದುದರಿಂದ ಇಂದು ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಮನೆಯ ಮಗುವೊಂದು ಬದುವಿನಲ್ಲಿ ಅಂಥ ಆಮೆಯನ್ನು ಕಂಡು ಓಡಿ ಬಂದರೆ, ಜೊತೆಗೆ ಹೋಗಿ ನೋಡಿ, ಇದ್ದಲ್ಲಿಯೇ ಬಿಟ್ಟು ಬನ್ನಿ. ನೆಲದ ಆಮೆ ಈಜಲಾರದು ಎಂಬುದನ್ನೂ ಅದಕ್ಕೆ ತಿಳಿಸಿ.