ಒಂದೇ ಬ್ಯಾರನ್, ಎಂಟು ಸರದಿ

1
ಎಚ್.ಡಿ. ಕೋಟೆ ಬಳಿಯ ಹ್ಯಾಂಡ್‌ಪೋಸ್ಟ್, ಆಗಸ್ಟ್. ಟೀ ಅಂಗಡಿ.
‘ಎಷ್ಟ್ನೇ ಸಲ ಸೊಪ್ಪು ಬೇಯಿಸ್ತಾ ಇದ್ದೀಯಣ್ಣ?’
‘ನಾಕ್ನೇದು ಕನಪ್ಪ.’
ತಾರೀಖಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

2
ಹೊಗೆಸೊಪ್ಪು ಬುಡದಿಂದ ಮೇಲಕ್ಕೆ ಮಾಗುತ್ತದೆ. ಒಂದು ಗಿಡದಲ್ಲಿ ವಾರಕ್ಕೆ ಎರಡು ಮೂರು ಎಲೆ. ಮಾಗಿದ್ದನ್ನಷ್ಟೇ ಮುರಿಯಬೇಕು. ಮುರಿದ ಎಲೆ ಕಾಯುವುದಿಲ್ಲ. ಅದನ್ನು ಬೇಯಿಸುವ ಬ್ಯಾರನ್ ಒಂದೇ.

3
ಒಳಗೆ ಮೂರು ಕೆಲಸ. ಎಲೆಯನ್ನು ಹಳದಿಗೆ ತರುವುದು, ಎಲೆ ಒಣಗಿಸುವುದು, ನಡುದಂಟು ಒಣಗಿಸುವುದು. ಶಾಖ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಹತ್ತಿ 160ಕ್ಕೆ ಹೋಗುತ್ತದೆ. ಐದಾರು ದಿನ.

4
ಶಾಖ ಬೇಗ ಏರಿಸಿದರೆ ಹಸಿರು ಎಲೆಯಲ್ಲೇ ಉಳಿಯುತ್ತದೆ. ತಡವಾದರೆ ಎಲೆ ಕಂದುತ್ತದೆ. ನಡುವೆ ಒಲೆ ಆರಿಸಿ, ಬೇರೆ ಸೊಪ್ಪು ತುಂಬಿ, ಮತ್ತೆ ಇದನ್ನು ಮುಂದುವರಿಸುವಂತಿಲ್ಲ.

5
ರಾತ್ರಿ ಎರಡು ಗಂಟೆ. ಅಜ್ಜ ಟಾರ್ಚನ್ನು ಬ್ಯಾರನ್ ಕಿಂಡಿಯ ಗಾಜಿಗೆ ಒತ್ತಿ ಹಿಡಿದರು. ಒಳಗೆ ತೂಗುಹಾಕಿದ ಥರ್ಮಾಮೀಟರ್. ಅದನ್ನು ಓದಿದರು. ಆಮೇಲೆ ಪಕ್ಕದ ಎಲೆಯ ತುದಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಒಲೆಗೆ ಒಂದು ಸೌದೆ ತಳ್ಳಿದರು. ಎರಡನೆಯದನ್ನು ಎತ್ತಿ ಕೆಳಗಿಟ್ಟರು.

6
1955ರಲ್ಲಿ ಅಮೆರಿಕದ ಜೇಮ್ಸ್ ಜಾಕ್ಸನ್ ಒಂದೇ ಯಂತ್ರದ ಮುಂದೆ ಸಾಲುಗಟ್ಟಿದ ಕೆಲಸಗಳ ಲೆಕ್ಕ ಬಿಡಿಸಿದ. ಯಾವುದರ ಗಡುವು ಮೊದಲೋ ಅದು ಮೊದಲು. ಆಗ ಅತಿ ಹೆಚ್ಚು ತಡವಾದ ಕೆಲಸದ ತಡವೂ ಆದಷ್ಟು ಕಡಿಮೆಯಾಗುತ್ತದೆ. ಇಲ್ಲಿನ ಮಾತು: ‘ಕೆಡೋ ಸೊಪ್ನ ಮೊದ್ಲು ಹಾಕು.’

7
ಸೊಪ್ಪನ್ನು ಕಡ್ಡಿಗೆ ಕಟ್ಟಲು ಮುಯ್ಯಾಳು. ಇವತ್ತು ಇವರ ಮನೆ, ನಾಳೆ ಅವರ ಮನೆ. ಹಾಗಾಗಿ ಒಬ್ಬರ ಬ್ಯಾರನ್ ತುಂಬುವ ದಿನ ಬದಲಾದರೆ ನಾಲ್ಕು ಮನೆಯ ದಿನ ಬದಲಾಗುತ್ತದೆ. ಕೆಲವು ಹೊಲದಲ್ಲಿ ಸಸಿ ನೆಟ್ಟ ದಿನವೇ ಬೇರೆ ಬೇರೆ: ಅರ್ಧ ಹೊಲ ಮೊದಲು, ವಾರ ಬಿಟ್ಟು ಇನ್ನರ್ಧ. ಮೇ ತಿಂಗಳಲ್ಲೇ ಆಗಸ್ಟಿನ ಸರದಿ.

8
ಗೋಡೆಯ ಮೇಲೆ ಸರದಿಗೊಂದರಂತೆ ಇದ್ದಿಲಿನಲ್ಲಿ ಎಳೆದ ಗೀಟು. ನಾಲ್ಕು. ಹೋದ ವರ್ಷದವು ಅದರ ಕೆಳಗೆ, ಮಾಸಿವೆ. ಎಂಟು.

9
ಹರಾಜಿಗೂ ಸರದಿ ಉಂಟು. ಅದನ್ನು ನಡೆಸುವುದು ತಂಬಾಕು ಮಂಡಳಿ. ಯಾವ ಊರಿನವರು ಯಾವತ್ತು ಸೊಪ್ಪಿನ ಬೇಲು ತರಬೇಕೆಂಬುದು ಹರಾಜು ಮಾರುಕಟ್ಟೆಯಲ್ಲಿ ನಿಗದಿಯಾಗುತ್ತದೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಎಲ್ಲ ಕಡೆಯೂ ಕಾಗದದ ಮೇಲೆ ತಾರೀಖು.

10
ಬೆಂದು ಮುಗಿದ ಸೊಪ್ಪು ಮುಟ್ಟಿದರೆ ಪುಡಿ. ಒಲೆ ಆರಿಸಿ ಬಾಗಿಲು ತೆರೆದಿಡುತ್ತಾರೆ. ಗಾಳಿಯ ತೇವ ಒಳಗೆ ಹೋಗಬೇಕು.

11
ಹೊರಗೆ ಮುಂದಿನ ಸರದಿಯ ಸೊಪ್ಪು ಮಾಗಿ ನಿಂತಿದೆ. ಒಳಗೆ ಬೆಂಕಿಯಿಲ್ಲ, ಕೆಲಸವಿಲ್ಲ. ಅಜ್ಜ ಬೆಳಗಿನ ಜಾವ ಒಂದೆಲೆಯನ್ನು ಮುಷ್ಟಿಯಲ್ಲಿ ಮೆಲ್ಲಗೆ ಹಿಡಿದು ಬಿಟ್ಟರು. ಎಲೆ ಮುರಿಯದೆ ಬಿಚ್ಚಿಕೊಂಡಿತು.
‘ಇಳ್ಸಿ’ ಎಂದರು.